ಅಂಟು ಬಿಡಲಿ, ಬಣ್ಣ ಉಳಿಯಲಿ

ಅಳಿಸಲಾಗದ ಗುರುತನ್ನು ತಯಾರಿಸುವುದರಲ್ಲಿ ಮೈಸೂರಿಗೆ ದೊಡ್ಡ ಹೆಸರಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಅದರ ಶಾಯಿ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿನ ಮೇಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲ್ಪದರದೊಡನೆ ವರ್ತಿಸಿ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಸೋಪಿಗಾಗಲಿ ಸೀಮೆಎಣ್ಣೆಗಾಗಲಿ ಅದು ಜಗ್ಗದು. ಆ ಚರ್ಮ ಸವೆದು ಹೊಸದು ಬಂದಾಗಲೇ ಗುರುತಿಗೆ ಮುಕ್ತಿ.

ಅದೇ ಊರಿನ ಯಾದವಗಿರಿಯಲ್ಲಿ ಇನ್ನೊಂದು ಕಾರ್ಖಾನೆ ಇತ್ತು, ಐಡಿಯಲ್ ಜಾವಾ. 1961ರಿಂದ ಜಾವಾ ಮೋಟಾರ್ ಸೈಕಲ್ಲುಗಳನ್ನೂ ಎಪ್ಪತ್ತರ ದಶಕದಿಂದ ಯೆಜ್ಡಿಗಳನ್ನೂ ತಯಾರಿಸಿ, 1996ರಲ್ಲಿ ಅದು ಬಾಗಿಲು ಮುಚ್ಚಿತು. ಅದರ ಗಾಡಿಗಳು ಮಾತ್ರ ಕೈಯಿಂದ ಕೈಗೆ ದಾಟುತ್ತ ಇನ್ನೂ ಓಡುತ್ತಿವೆ. ಹೀಗೆ ದಾಟುವಾಗ ಪ್ರತಿಯೊಬ್ಬ ಮಾಲೀಕನೂ ತನ್ನದೊಂದು ಸ್ಟಿಕ್ಕರನ್ನು ಬಿಟ್ಟುಹೋಗಿರುತ್ತಾನೆ. ಒಬ್ಬನದು ಚಾಮುಂಡೇಶ್ವರಿಯ ಚಿತ್ರ, ಇನ್ನೊಬ್ಬನದು ಮಗಳ ಹೆಸರು, ಮತ್ತೊಬ್ಬನದು ಬೆಂಕಿಯ ನಾಲಗೆ.

ಹೊಸದಾಗಿ ಕೊಂಡವನ ಮೊದಲ ಕೆಲಸ ಅದನ್ನು ಕೀಳುವುದು. ಮೊದಲು ಉಗುರು, ಆಮೇಲೆ ಬ್ಲೇಡು, ಕೊನೆಗೆ ಥಿನ್ನರ್. ಮೂವತ್ತು ವರ್ಷ ಮಳೆ ಬಿಸಿಲನ್ನು ತಡೆದ ಬಣ್ಣ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮಾರುಕಟ್ಟೆಗೆ ಮರಳಿದ್ದು ನಿಜ. ಆದರೆ ಯಾದವಗಿರಿಯಲ್ಲಿ ಬಣ್ಣ ಕಂಡ ಗಾಡಿಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ. ಮತ್ತೆ ಬಳಿಸಿದ ಬಣ್ಣ ಎಷ್ಟೇ ಚೆಂದವಿದ್ದರೂ ಅದು ನಕಲೇ.

ಮೂರು ಹಿಡಿತಗಳು

ಸಮಾಧಾನದ ಸಂಗತಿಯೆಂದರೆ, ಸ್ಟಿಕ್ಕರಿನ ಅಂಟು ಚುನಾವಣೆಯ ಶಾಯಿಯಂತಲ್ಲ. ಅದು ಬಣ್ಣದೊಡನೆ ರಾಸಾಯನಿಕವಾಗಿ ಬೆರೆತಿರುವುದಿಲ್ಲ, ಮೇಲೆ ಹಿಡಿದುಕೊಂಡಿರುತ್ತದೆ, ಅಷ್ಟೆ. ಶಾವಿಗೆಯಂತೆ ಒಂದರೊಳಗೊಂದು ತೊಡರಿಕೊಂಡ ಉದ್ದುದ್ದ ಅಣುಗಳ ಮೆತ್ತನೆಯ ಪದರ ಅದು. ಒತ್ತಿದಾಗ ಬಣ್ಣದ ಸಣ್ಣ ಸಣ್ಣ ತಗ್ಗುಗಳಿಗೆಲ್ಲ ಹರಿದು ಕುಳಿತುಬಿಡುತ್ತದೆ.

ಸ್ಟಿಕ್ಕರನ್ನು ಎಳೆದಾಗ ಮೂರು ಹಿಡಿತಗಳ ನಡುವೆ ಸ್ಪರ್ಧೆ ನಡೆಯುತ್ತದೆ. ಪ್ಲಾಸ್ಟಿಕ್ಕಿಗೂ ಅಂಟಿಗೂ ಇರುವುದು ಒಂದು, ಅಂಟಿಗೂ ಬಣ್ಣಕ್ಕೂ ಇರುವುದು ಇನ್ನೊಂದು, ಬಣ್ಣಕ್ಕೂ ಲೋಹಕ್ಕೂ ಇರುವುದು ಮೂರನೆಯದು. ಯಾವುದು ದುರ್ಬಲವೋ ಅದು ಮೊದಲು ಬಿಡುತ್ತದೆ. ಕಾರ್ಖಾನೆಯ ಕುಲುಮೆಯಲ್ಲಿ ಬೆಂದ ಬಣ್ಣ ಲೋಹವನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ತುಕ್ಕಿನ ಮೇಲೆ ಅವಸರದಲ್ಲಿ ಬಳಿದ ಬೀದಿಬದಿಯ ಬಣ್ಣಕ್ಕೆ ಆ ಹಿಡಿತವಿಲ್ಲ, ಸ್ಟಿಕ್ಕರಿನ ಜೊತೆಗೇ ಸಿಪ್ಪೆಯಂತೆ ಎದ್ದುಬರಬಹುದು. ಹಾಗಾಗಿ ಮೊದಲು ತಿಳಿಯಬೇಕಾದದ್ದು ಗಾಡಿಗೆ ಮತ್ತೆ ಬಣ್ಣ ಹೊಡೆಸಿದ್ದಾರೆಯೇ ಎಂಬುದು. ಸೀಟಿನ ಅಡಿಯ ಬಣ್ಣಕ್ಕೂ ಮೇಲಿನ ಬಣ್ಣಕ್ಕೂ ವ್ಯತ್ಯಾಸವಿದ್ದರೆ ಗುಟ್ಟು ರಟ್ಟಾದಂತೆ.

ಇನ್ನೊಂದು ಪರೀಕ್ಷೆಯೂ ಬೇಕು. ಸ್ಟಿಕ್ಕರಿನ ಅಂಚಿನ ಮೇಲೆ ಉಗುರನ್ನು ಮೆಲ್ಲಗೆ ಆಡಿಸಿದರೆ ತಡೆ ಸಿಗಬೇಕು. ಸಿಗದಿದ್ದರೆ ಅದು ವಾರ್ನಿಷಿನ ಅಡಿಯಲ್ಲಿದೆ ಎಂದರ್ಥ. ಕೆಲವು ವಾಹನಗಳಲ್ಲಿ ಕಂಪನಿಯ ಹೆಸರು ಹೀಗಿರುತ್ತದೆ. ಅದನ್ನು ತೆಗೆಯಲು ಹೋದರೆ ಬಣ್ಣವನ್ನೇ ಒಡೆಯಬೇಕಾಗುತ್ತದೆ, ಮುಟ್ಟದಿರುವುದೇ ಮೇಲು.

ಬಿಸಿ ಮತ್ತು ಸಾವಧಾನ

ಡಾಂಬರಿನ ಗಟ್ಟಿಯನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುತ್ತದೆ. ಬಿಸಿಲಿನಲ್ಲಿ ಇಟ್ಟರೆ ಅದೇ ಗಟ್ಟಿ ನಿಧಾನವಾಗಿ ಹರಿಯುತ್ತದೆ. ಸ್ಟಿಕ್ಕರಿನ ಅಂಟಿನದೂ ಇದೇ ಸ್ವಭಾವ. ಜೋರಾಗಿ ಎಳೆದಷ್ಟೂ ಅದು ಘನವಸ್ತುವಿನಂತೆ ಸೆಟೆದು ನಿಲ್ಲುತ್ತದೆ, ಆ ಸೆಳೆತವೆಲ್ಲ ಬಣ್ಣದ ಮೇಲೆ ಬೀಳುತ್ತದೆ. ಬಿಸಿ ಮಾಡಿ ನಿಧಾನವಾಗಿ ಎಳೆದರೆ ಅಣುಗಳಿಗೆ ಜಾರಿಕೊಳ್ಳಲು ಸಮಯ ಸಿಗುತ್ತದೆ. ಮೂರು ಹಿಡಿತಗಳಲ್ಲಿ ಅಂಟಿನದನ್ನೇ ದುರ್ಬಲಗೊಳಿಸುವ ಉಪಾಯ ಇದು. ಹಳೆಯ ಸ್ಟಿಕ್ಕರಿನ ಪ್ಲಾಸ್ಟಿಕ್ಕೂ ಬಿಸಿಲಿಗೆ ಒಣಗಿ ಪೆಡಸಾಗಿರುತ್ತದೆ. ಬಿಸಿ ತಾಗಿದರೆ ಅದು ಬಳುಕಿ, ಚೂರುಚೂರಾಗದೆ ಏಳುತ್ತದೆ.

ಎಷ್ಟು ಬಿಸಿ? ಐವತ್ತರಿಂದ ಅರವತ್ತು ಡಿಗ್ರಿ ಸೆಲ್ಸಿಯಸ್ ಸಾಕು, ಕೈ ಇಟ್ಟರೆ ಕೆಲವೇ ಕ್ಷಣ ತಾಳುವಷ್ಟು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಯಲಿನಲ್ಲಿ ನಿಂತ ಕಪ್ಪು ಗಾಡಿಗೆ ಸೂರ್ಯನೇ ಇಷ್ಟನ್ನು ಕೊಡುತ್ತಾನೆ. ಇಲ್ಲವಾದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ಟಿಕ್ಕರಿನ ಮೇಲೆ ಮತ್ತೆ ಮತ್ತೆ ಹಾಸಬೇಕು. ಕೂದಲು ಒಣಗಿಸುವ ಡ್ರೈಯರನ್ನು ಗೇಣುದ್ದ ದೂರದಲ್ಲಿ ಆಡಿಸಿದರೂ ಆದೀತು. ಆದರೆ ಪೆಟ್ರೋಲ್ ಟ್ಯಾಂಕಿನ ಹತ್ತಿರ ಡ್ರೈಯರ್ ಕೂಡದು. ಪೆಟ್ರೋಲು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಕೊಡುತ್ತದೆ, ಡ್ರೈಯರಿನೊಳಗೆ ಕಾದು ಕೆಂಪಾದ ತಂತಿಯಿರುತ್ತದೆ. ಟ್ಯಾಂಕನ್ನು ಖಾಲಿ ಮಾಡಿದರೂ ಅಪಾಯ ತಪ್ಪದು, ಒಳಗೆ ಉಳಿದ ಆವಿಯೇ ಹೆಚ್ಚು ಅಪಾಯಕಾರಿ. ಟ್ಯಾಂಕಿಗೆ ಬಿಸಿಲು ಮತ್ತು ಬಿಸಿನೀರಿನ ಬಟ್ಟೆ ಎರಡೇ ಗತಿ.

ಬಿಸಿಯಾದ ಮೇಲೆ ಒಂದು ಮೂಲೆಯನ್ನು ಉಗುರಿನಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದಲೋ ಎಬ್ಬಿಸಬೇಕು. ಬ್ಲೇಡು ಬೇಡ, ಗಾಡಿಯ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು ಮಾತ್ರ. ಎದ್ದ ಅಂಚನ್ನು ನೇರವಾಗಿ ಮೇಲಕ್ಕೆ ಎಳೆಯದೆ, ಹಾಸಿಗೆ ಸುತ್ತುವಂತೆ ಹಿಂದಕ್ಕೆ ಮಡಿಸಿ, ಮೈಗೆ ತಾಗಿದಂತೆಯೇ ಎಳೆಯಬೇಕು. ಆಗ ಬಣ್ಣವನ್ನು ಮೇಲಕ್ಕೆತ್ತುವ ಬಲ ಕಡಿಮೆಯಾಗುತ್ತದೆ. ಬಿಗಿಯಾದಲ್ಲಿ ನಿಲ್ಲಿಸಿ ಮತ್ತೆ ಬಿಸಿ ತಾಗಿಸಬೇಕು. ದಪ್ಪ ಅಂಟುಪಟ್ಟಿಯ ಮೇಲೆ ಕೂತ ಲಾಂಛನಗಳನ್ನು ಬಿಡಿಸಲು ಅಡಿಯಿಂದ ನೈಲಾನ್ ದಾರವನ್ನು ಗರಗಸದಂತೆ ಎಳೆಯುವುದು ಒಳ್ಳೆಯದು.

ಹಲಸಿನ ಪಾಠ

ಸ್ಟಿಕ್ಕರ್ ಹೋದರೂ ಅಂಟು ಉಳಿಯುತ್ತದೆ. ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರುವುದು ಹಿಂದಿನಿಂದ ಬಂದ ಪದ್ಧತಿ. ಹಲಸಿನ ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ತನ್ನಂಥದ್ದನ್ನೇ ಕರಗಿಸುವುದು ದ್ರಾವಕಗಳ ಗುಣ. ಸ್ಟಿಕ್ಕರಿನ ಅಂಟಿಗೂ ಇದೇ ಚಿಕಿತ್ಸೆ. ಕೊಬ್ಬರಿ ಎಣ್ಣೆ ಅಥವಾ ಇನ್ನೂ ಚುರುಕಾದ ನೀಲಗಿರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಐದು ನಿಮಿಷ ಇಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಲ್ಲಿ ತೊಳೆಯಬೇಕು. ಯಾವ ದ್ರಾವಕವನ್ನೇ ಆಗಲಿ, ಮೊದಲು ಸೀಟಿನ ಅಡಿಯಲ್ಲಿ ಪರೀಕ್ಷಿಸಬೇಕು. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಬೇಕು.

ಥಿನ್ನರನ್ನೂ ಉಗುರುಬಣ್ಣ ತೆಗೆಯುವ ಅಸಿಟೋನನ್ನೂ ಮಾತ್ರ ಹತ್ತಿರ ತರಬಾರದು. ಅವುಗಳಿಗೆ ಅಂಟು ಯಾವುದು, ಬಣ್ಣ ಯಾವುದು ಎಂಬ ಭೇದವಿಲ್ಲ. ಹಳೆಯ ಕಾಲದ ನೈಟ್ರೋಸೆಲ್ಯುಲೋಸ್ ಬಣ್ಣ ಥಿನ್ನರಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ಕುಲುಮೆಯಲ್ಲಿ ಬೆಂದ ಎನಾಮೆಲ್ ಕರಗದಿದ್ದರೂ ಊದಿಕೊಂಡು ಹೊಳಪು ಕಳೆದುಕೊಳ್ಳಬಹುದು.

ಉಳಿಯುವ ನೆರಳು

ಎಲ್ಲವೂ ಸರಿಯಾಗಿ ನಡೆದ ಮೇಲೂ ಒಂದು ಅಚ್ಚರಿ ಕಾದಿರುತ್ತದೆ. ಸ್ಟಿಕ್ಕರ್ ಇದ್ದ ಜಾಗದಲ್ಲಿ ಅದರದೇ ಆಕಾರ ಎದ್ದು ಕಾಣುತ್ತದೆ. ಕಲೆಯೆಂದು ತಿಳಿದು ಅದನ್ನು ಉಜ್ಜುವವರುಂಟು. ನಿಜವಾಗಿ ಅದು ಕಲೆಯಲ್ಲ, ಗಾಡಿಯ ಹುಟ್ಟುಬಣ್ಣ. ಸುತ್ತಲಿನದು ಸೂರ್ಯನ ಅತಿನೇರಳೆ ಕಿರಣಗಳಿಗೆ ಸಿಕ್ಕಿ ಮಾಸಿದೆ, ಸ್ಟಿಕ್ಕರಿನ ಮರೆಯಲ್ಲಿದ್ದದ್ದು ಉಳಿದಿದೆ. ಸುತ್ತಲಿನ ಭಾಗಕ್ಕೆ ನಯವಾದ ಪಾಲಿಷ್ ಹಾಕಿದರೆ ಅಂತರ ಸ್ವಲ್ಪ ಕಡಿಮೆಯಾದೀತು. ಆದರೆ ಪ್ರತಿ ಪಾಲಿಷೂ ಬಣ್ಣವನ್ನು ಒಂದಿಷ್ಟು ತೆಳುವಾಗಿಸುತ್ತದೆ ಎಂಬುದು ನೆನಪಿರಲಿ.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ಅಭಿಮಾನಿಗಳು ತಮ್ಮ ದಿನವನ್ನು ಆಚರಿಸುತ್ತಾರೆ. ಅಲ್ಲಿ ಹೊಸ ಬಣ್ಣದ ಗಾಡಿಗಳು ಥಳಥಳಿಸುತ್ತವೆ. ಅವುಗಳ ನಡುವೆ ಹುಟ್ಟುಬಣ್ಣವನ್ನೇ ಹೊತ್ತ, ಟ್ಯಾಂಕಿನ ಮೇಲೆ ಯಾವುದೋ ಮಗಳ ಹೆಸರಿನ ಮಸುಕು ನೆರಳಿರುವ ಗಾಡಿಯೊಂದು ಬಂದು ನಿಂತರೆ, ಅದನ್ನು ತಂದವನಿಗೆ ನಾಚಿಕೆಯಾಗಬೇಕಾಗಿಲ್ಲ. ಅಷ್ಟು ಬಣ್ಣ ಉಳಿಸಲು ಅವನಿಗೆ ಬೇಕಾದದ್ದು ಒಂದು ಬಿಸಿಲು ಮಧ್ಯಾಹ್ನ, ಒಂದಿಷ್ಟು ಎಣ್ಣೆ, ಮತ್ತು ಬ್ಲೇಡಿಗೆ ಕೈಹಾಕದ ತಾಳ್ಮೆ.