ಅಂಶ, ಛೇದ ಒಂದೇ, ವಾಕ್ಯ ಬೇರೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡವರಿಯದ ಗಣಿತ ಶಿಕ್ಷಕರು ನೇಮಕಗೊಂಡಾಗಲೆಲ್ಲ ಕೇಳಿಬರುವ ಸಮಾಧಾನವೊಂದಿದೆ: ಗಣಿತಕ್ಕೆ ಭಾಷೆಯ ಹಂಗೇನು? ಅಂಶ, ಛೇದ ಎಂಬ ಪದಗಳು ಮಲಯಾಳದಲ್ಲಿಯೂ ಅವೇ ಅಲ್ಲವೇ? ಪದಗಳ ಮಟ್ಟಿಗೆ ನಾವಿದನ್ನು ಒಪ್ಪುತ್ತೇವೆ. ಆದರೆ ಸಮೀಕರಣ ಹುಟ್ಟುವುದು ವಾಕ್ಯದಲ್ಲಿ.

‘ಒಂದು ಸಂಖ್ಯೆಯ ಮೂರನೇ ಎರಡು ಭಾಗಕ್ಕೆ ಒಂದೂವರೆ ಕೂಡಿಸಿದರೆ ಐದೂವರೆ.’ ಐದೂವರೆಯಿಂದ ಒಂದೂವರೆ ಕಳೆದರೆ ನಾಲ್ಕು; ಅದು ಮೂರನೇ ಎರಡು ಭಾಗವಾದುದರಿಂದ ಸಂಖ್ಯೆ ಆರು. ‘ಒಂದು ಸಂಖ್ಯೆಗೆ ಒಂದೂವರೆ ಕೂಡಿಸಿ, ಬಂದ ಮೊತ್ತದ ಮೂರನೇ ಎರಡು ಭಾಗ ತೆಗೆದುಕೊಂಡರೆ ಐದೂವರೆ’ ಎಂದೊಡನೆ ಆವರಣ ಬೇಕು, ಉತ್ತರ ಆರೂಮುಕ್ಕಾಲು. ಅಂಕಿಗಳು ಅವೇ, ಬದಲಾದದ್ದು ವಿಭಕ್ತಿ ಮತ್ತು ಕ್ರಮ. ಮಗು ಎಡವಿದ್ದು ಭಿನ್ನರಾಶಿಯಲ್ಲೋ ವಾಕ್ಯದಲ್ಲೋ ಎಂದು ಕನ್ನಡ ಬಲ್ಲ ಶಿಕ್ಷಕರಷ್ಟೇ ಗುರುತಿಸಬಲ್ಲರು. ಗುರುತಿಸದಿದ್ದರೆ ‘ಗಣಿತ ಬಾರದು’ ಎಂಬ ಹಣೆಪಟ್ಟಿ ಮಗುವಿನ ಪಾಲಿಗೆ.

ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣಕ್ಕೆ ಸಮರ್ಪಕ ಸೌಲಭ್ಯವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಪುಸ್ತಕ ಕನ್ನಡದ್ದಾಗಿ, ಪಾಠ ಕನ್ನಡದ್ದಲ್ಲವಾದರೆ ಅದು ಸಮರ್ಪಕವೆನಿಸದು. ಪೋಷಕರು ಮನವಿಗೆ ಸಹಿ ಹಾಕುವ ಮುನ್ನ ಮಕ್ಕಳ ಗಣಿತ ನೋಟುಪುಸ್ತಕವನ್ನೊಮ್ಮೆ ತೆರೆದು ನೋಡಲಿ: ಕನ್ನಡ ವಾಕ್ಯದಿಂದ ಸಮೀಕರಣಕ್ಕಿಳಿಯುವ ಮೊದಲ ಸಾಲು ಅಲ್ಲಿದೆಯೇ, ಹಲಗೆಯಿಂದ ನಕಲಾದ ಅಂಕಿಗಳಷ್ಟೇ ಇವೆಯೇ?