ಸುದ್ದಿ ಮುಟ್ಟಿಸದೆ ಆಸಕ್ತಿ ಇಲ್ಲ ಅಂತೀರಲ್ಲ!

"ನಿಮ್ಮ ಕಡೆ ಹುಡುಗರಿಗೆ ರಿಸರ್ಚ್ ಅಂದ್ರೆ ಆಸಕ್ತಿನೇ ಇಲ್ಲ ಬಿಡಿ." ಬೆಂಗಳೂರಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಬಿಇ ಹುಡುಗರಿಗೆ ಆಸಕ್ತಿ ಐತಿ. ಸುದ್ದಿನೇ ಮುಟ್ಟಂಗಿಲ್ಲ.

ಮಿದುಳಿನ ಸಂಶೋಧನೆ ಅಂದರೆ ಡಾಕ್ಟರರ ಕೆಲಸ ಅಂತ ನಮ್ಮೂರಲ್ಲಿ ನಂಬಿಕೆ. ಆದರೆ ಇಇಜಿಯಲ್ಲಿ ತಲೆಯ ಮೇಲಿಂದ ಸಿಗುವ ಸಂಕೇತ ಕೆಲವು ಮೈಕ್ರೊವೋಲ್ಟ್ ಮಾತ್ರ. ಅದರಲ್ಲಿ ಬೆರೆತ 50 ಹರ್ಟ್ಜ್ ಕರೆಂಟಿನ ಗದ್ದಲ ಸೋಸೋದು ಯಾರು? ಸಿಗ್ನಲ್ ಪ್ರೊಸೆಸಿಂಗ್ ಓದಿದ ಎಂಜಿನಿಯರ್! ಐಐಎಸ್‌ಸಿಯಲ್ಲಿ 2009ರಿಂದ ನರವಿಜ್ಞಾನ ಕೇಂದ್ರ ಇದೆ. ಬಿಇ ಮುಗಿಸಿದವರು ಗೇಟ್ ಬರೆದು, ಎಂಟೆಕ್ ಇಲ್ಲದೆಯೇ ಐಐಎಸ್‌ಸಿಯ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಇದನ್ನು ಎಷ್ಟು ಕಾಲೇಜುಗಳ ನೋಟಿಸ್ ಬೋರ್ಡ್ ಹೇಳಿದೆ? ನಾನು ಓದಿದ ಕಾಲೇಜಿನಲ್ಲಂತೂ ನಾಲ್ಕು ವರ್ಷದಲ್ಲಿ ಒಂದು ಚೀಟಿನೂ ಅಂಟಿಸಲಿಲ್ಲ.

ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗಳ ಕಥೆ ಇನ್ನೂ ವಿಚಿತ್ರ. ಯಾವುದೋ ಪ್ರೊಫೆಸರರ ಲ್ಯಾಬಿನ ಪುಟದ ಮೂಲೆಯಲ್ಲಿ ಪ್ರಕಟಣೆ ಇರುತ್ತೆ, ಇಂಗ್ಲಿಷಿನಲ್ಲಿ. ಕೆಲವೇ ದಿನಗಳಲ್ಲಿ ಮುಗಿದೂ ಹೋಗುತ್ತೆ. ಎಷ್ಟೋ ಸಲ ಪ್ರಕಟಣೆನೇ ಇರಲ್ಲ, ನೇರವಾಗಿ ಮೇಲ್ ಮಾಡಿ ಕೇಳಿದವನಿಗೆ ಸಿಗುತ್ತೆ. ದೊಡ್ಡ ನಗರದ ಹುಡುಗನಿಗೆ ಇದನ್ನು ಸೀನಿಯರ್ ಹೇಳಿಕೊಟ್ಟಿರುತ್ತಾನೆ. ನಮ್ಮವ "ಅಷ್ಟ್ ದೊಡ್ಡ ಸಾಹೇಬ್ರಿಗೆ ನಾ ಹೆಂಗ್ ಬರೀಲಿ?" ಅಂತ ಕೂರ್ತಾನೆ.

"ಪಗಾರ ಎಷ್ಟ ತಮ್ಮಾ?" ಅಂತ ಅಪ್ಪ ಕೇಳೋದು ಸರಿಯೇ. ಕಬ್ಬಿನ ಬಿಲ್ಲಿನ ದಾರಿ ಕಾಯುವ ಮನೆಯದು. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ವರ್ಷಕ್ಕೆ 4,44,000. ದೊಡ್ಡ ಸರ್ವಿಸ್ ಕಂಪನಿಗಳ ಫ್ರೆಶರ್ ಪ್ಯಾಕೇಜ್ ಎಷ್ಟೋ ವರ್ಷಗಳಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಲ್ಯಾಬಿನ ಕೆಲಸ ಕಾಯಂ ಅಲ್ಲ, ನಿಜ. ಪ್ರಾಜೆಕ್ಟ್ ಹುದ್ದೆಗಳಲ್ಲಿ ದುಡ್ಡು ಕಡಿಮೆ, ಕೆಲವೊಮ್ಮೆ ತಡವಾಗಿಯೂ ಬರುತ್ತೆ. ಇದನ್ನೆಲ್ಲ ಅಪ್ಪನ ಮುಂದೆ ಮುಚ್ಚಿಡಬಾರದು. ಆದರೆ ಲೆಕ್ಕ ತೋರಿಸದೆ "ಅದ್ರಾಗ ಏನೂ ಇಲ್ಲ" ಅಂದುಬಿಡೋದು ಮೋಸ.

ಇನ್ನೊಂದು ವಿಷಯ ನನಗೆ ಜಾಸ್ತಿ ಚುಚ್ಚುತ್ತೆ. ಐಐಎಸ್‌ಸಿ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದ ಸಾವಿರಾರು ಜನರ ನೆನಪು ಹೇಗೆ ಬದಲಾಗುತ್ತೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡ್ತಿದ್ದಾರೆ. ಬಹಳ ಒಳ್ಳೆಯ ಕೆಲಸ. ಆದರೆ ಹಳ್ಳಿಯ ಅಜ್ಜಿಯ ಮರೆವು ಅಳೆಯಬೇಕಾದರೆ ಅವಳ ಮಾತಿನಲ್ಲೇ ಕೇಳಬೇಕು. ಎಲೆಕ್ಟ್ರೋಡ್ ಅಂಟಿಸುವ ಮುಂಚೆ ಅವಳ ಹೆದರಿಕೆ ಬಿಡಿಸಬೇಕು. ಕೋಡೂ ಬರೆದು, ಕಟ್ಟೆ ಮೇಲೆ ಕೂತು ಮಾತೂ ಆಡಬಲ್ಲ ಹಳ್ಳಿ ಎಂಜಿನಿಯರ್ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದವನು. ಸಂಶೋಧನೆಗೆ ನಮ್ಮ ಹಳ್ಳಿಯ ತಲೆಗಳು ಬೇಕು ಅಂದಮೇಲೆ, ಲ್ಯಾಬಿನ ಕುರ್ಚಿಗೂ ಬೇಕಲ್ಲವೇ?

1998ರಲ್ಲಿ ಶುರುವಾದ ವಿಟಿಯು ಇರೋದು ನಮ್ಮ ಬೆಳಗಾವಿಯಲ್ಲೇ. ಹುಕ್ಕೇರಿಯಿಂದ ಹೋಗಿ ಸಂಜೆ ವಾಪಸ್ ಬರುವಷ್ಟು ದೂರ. ಸಂಶೋಧನಾ ಹುದ್ದೆಗಳ ಪ್ರಕಟಣೆಗಳನ್ನು ಒಟ್ಟುಮಾಡಿ, ತಿಂಗಳಿಗೊಮ್ಮೆ ಎಲ್ಲ ಕಾಲೇಜುಗಳಿಗೂ ಕನ್ನಡದಲ್ಲಿ ಕಳಿಸೋದು ಅದಕ್ಕೆ ಕಷ್ಟವೇ? ಪ್ಲೇಸ್‌ಮೆಂಟ್ ಆಫೀಸರುಗಳು ಕಂಪನಿ ಹೆಸರಿನ ಪಕ್ಕ ಲ್ಯಾಬುಗಳ ಹೆಸರೂ ಬರೆಯಲಿ. ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಿಸಲಿ.

ಐಟಿಯಲ್ಲಿ ಕೂತ ನಾವೂ ಸುಮ್ಮನಿರೋ ಹಾಗಿಲ್ಲ. ದೀಪಾವಳಿಗೆ ಊರಿಗೆ ಹೋದಾಗ "ಜಾವಾ ಕಲಿ, ಪೈಥಾನ್ ಕಲಿ" ಅಂತ ಉಪದೇಶ ಮಾಡ್ತೀವಲ್ಲ, ಜೊತೆಗೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು ಪ್ರೊಫೆಸರಿಗೆ ಮೊದಲ ಮೇಲ್ ಬರೆಸಿ. ಆಮೇಲೂ ಯಾರೂ ಬರದಿದ್ರೆ, ಆಗ ಮಾತಾಡೋಣ ಆಸಕ್ತಿ ಬಗ್ಗೆ.