ಬದಲಾದ ಚರ್ಚು, ಬದಲಾಗದ ನಾವು

ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿಯ ಚರ್ಚನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ಬಲ್ಲರು. ಕ್ರೈಸ್ತರ ಬೋಧನೆಯೂ ಹಾಗೆಯೇ ಎಂದು ನಮ್ಮಲ್ಲಿ ಕೆಲವರು ನಗುತ್ತಾರೆ. 2013ರಲ್ಲಿ ದಕ್ಷಿಣ ಭಾರತ ಸಭೆಯು ಪುಷ್ಪಾ ಲಲಿತಾ ಎಂಬ ಮಹಿಳೆಯನ್ನು ಬಿಷಪ್ ಮಾಡಿತು. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್, ವಿವಾಹದ ಬೋಧನೆಯನ್ನು ಬದಲಿಸದೆಯೇ, ಸಲಿಂಗ ಜೋಡಿಗಳನ್ನು ಆಶೀರ್ವದಿಸಲು ಪಾದ್ರಿಗಳಿಗೆ ಅನುಮತಿಸಿತು.

ನಿಕಾಹ್ ಗಂಡುಹೆಣ್ಣಿನ ನಡುವಿನದೆಂಬ ಅಲ್ಲಾಹನ ವಿಧಿಯನ್ನು ತಿದ್ದುವ ಅಧಿಕಾರ ನಮಗಿಲ್ಲ, ನಿಜ. ಆದರೆ ಸಹೋದರರೇ, ಅನ್ನಿಸಾ ಅಧ್ಯಾಯದ 7ನೇ ವಚನವು ಹೆಣ್ಣಿಗೆ ಗೊತ್ತುಪಡಿಸಿದ ಪಾಲನ್ನು ಕಸಿಯಲು, ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಧಿಕಾರವನ್ನು ನಮಗೆ ಕೊಟ್ಟವರಾರು? ಅವರು ಬಹಿರಂಗವಾಗಿ ಬದಲಿಸಿದರು. ನಾವು ಗುಟ್ಟಾಗಿ ಮುರಿಯುತ್ತೇವೆ. ನೆರೆಯವರ ಗೋಡೆಯ ಬಿರುಕನ್ನು ಎಣಿಸುವ ಮೊದಲು ನಮ್ಮ ಮನೆಯ ವಿಭಾಗಪತ್ರವನ್ನು ತೆರೆದು ನೋಡೋಣ.